ಯುದ್ಧವಿಮಾನಗಳ ಗುರುತು

ಕೊಡಗು ಯೋಧರ ನಾಡೆಂದು ಹೆಸರಾಗಿದೆ. ಇಲ್ಲಿನ ಅನೇಕ ಮನೆಗಳ ಗೋಡೆಗಳ ಮೇಲೆ ಸಮವಸ್ತ್ರ ಧರಿಸಿದ ಹಿರಿಯರ ಛಾಯಾಚಿತ್ರಗಳನ್ನು ಕಾಣಬಹುದು. ಅಂತಹ ಹಳೆಯ ಚಿತ್ರಗಳಲ್ಲಿ ಕೆಲವೊಮ್ಮೆ ಯೋಧನ ಹಿಂದೆ ಒಂದು ವಿಮಾನವೂ ನಿಂತಿರುವುದುಂಟು. ಯೋಧನ ಹೆಸರನ್ನು ಮನೆಯವರು ಬಲ್ಲರು. ಆದರೆ ಆ ವಿಮಾನ ಯಾವುದು, ಯಾವ ದೇಶದ್ದು, ಯಾವ ಕಾಲದ್ದು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಚಿತ್ರದ ಕೆಳಗೆ ಬರೆದ ಒಕ್ಕಣೆಯನ್ನೇ ನಂಬೋಣವೆಂದರೆ, ಅದನ್ನು ಬರೆದವರು ವಿಮಾನಗಳನ್ನು ಬಲ್ಲವರಾಗಿದ್ದರೇ ಎಂಬ ಸಂಶಯ ಉಳಿಯುತ್ತದೆ. ಆದುದರಿಂದ ಚಿತ್ರವನ್ನೇ ಓದಲು ಕಲಿಯಬೇಕು.

ಯುದ್ಧದ ಸಮಯದಲ್ಲಿ ಈ ವಿದ್ಯೆ ಸಾವುಬದುಕಿನ ವಿಷಯವಾಗಿತ್ತು. ಬ್ರಿಟನ್ ಎರಡನೆಯ ಮಹಾಯುದ್ಧಕ್ಕಿಳಿದು ಮೂರು ದಿನಗಳಷ್ಟೇ ಕಳೆದಿದ್ದವು. 1939ರ ಸೆಪ್ಟೆಂಬರ್ 6ರಂದು ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳು ತಮ್ಮದೇ ದೇಶದ ಎರಡು ಹರಿಕೇನ್ ವಿಮಾನಗಳನ್ನು ಶತ್ರುಗಳೆಂದು ಭಾವಿಸಿ ಹೊಡೆದುರುಳಿಸಿದವು. ಒಬ್ಬ ತರುಣ ವೈಮಾನಿಕ ತನ್ನವರ ಗುಂಡಿಗೇ ಬಲಿಯಾದನು. ಆ ಯುದ್ಧದ ಕಾಲದಲ್ಲಿ ವೈಮಾನಿಕರಿಗೂ ವಿಮಾನನಿರೋಧಕ ತೋಪುಗಳನ್ನು ನಡೆಸುವವರಿಗೂ ವಿಮಾನಗಳ ಗುರುತನ್ನು ಪಾಠದಂತೆ ಕಲಿಸಲಾಯಿತು. ಕಪ್ಪು ನೆರಳುಚಿತ್ರಗಳನ್ನು ಕ್ಷಣಕಾಲ ತೋರಿಸಿ ಹೆಸರು ಕೇಳುವುದು ಆ ಶಿಕ್ಷಣದ ಒಂದು ಕ್ರಮ. ರೆಕ್ಕೆ, ಎಂಜಿನ್, ಒಡಲು, ಬಾಲ ಎಂಬ ನಾಲ್ಕು ಅಂಗಗಳನ್ನು ಅನುಕ್ರಮವಾಗಿ ಗಮನಿಸಬೇಕೆಂಬುದು ಅದರ ಮೂಲಸೂತ್ರ. ಇಂದಿಗೂ ಛಾಯಾಚಿತ್ರಗಳನ್ನು ಪರೀಕ್ಷಿಸುವವರಿಗೆ ಈ ಸೂತ್ರವೇ ಆಧಾರ.

1965ರ ಭಾರತ-ಪಾಕಿಸ್ತಾನ ಯುದ್ಧದ ವಿಮಾನಗಳಿಗೆ ಈ ಸೂತ್ರವನ್ನು ಅನ್ವಯಿಸಿ ನೋಡೋಣ. ಅಂದು ನಮ್ಮ ವಾಯುಪಡೆಯಲ್ಲಿ ಫ್ರಾನ್ಸಿನ ಮಿಸ್ಟೇರ್ ಮತ್ತು ಬ್ರಿಟನ್ನಿನ ಹಂಟರ್ ಎಂಬ ಜೆಟ್ ವಿಮಾನಗಳಿದ್ದವು. ಪಾಕಿಸ್ತಾನದ ಬಳಿ ಅಮೆರಿಕದ ಸೇಬರ್ ಮತ್ತು ಸ್ಟಾರ್‌ಫೈಟರ್‌ಗಳಿದ್ದವು. ಮಿಸ್ಟೇರ್, ಹಂಟರ್, ಸೇಬರ್ ಈ ಮೂರಕ್ಕೂ ಹಿಂದಕ್ಕೆ ಬಾಗಿದ ರೆಕ್ಕೆಗಳು; ಮೂರಕ್ಕೂ ಒಂದೊಂದೇ ಎಂಜಿನ್. ದೂರದಿಂದ ತೆಗೆದ ಮಸುಕಾದ ಚಿತ್ರದಲ್ಲಿ ಇವು ಒಂದೇ ತಾಯಿಯ ಮಕ್ಕಳಂತೆ ತೋರುತ್ತವೆ.

ಭೇದ ತಿಳಿಯಬೇಕಾದರೆ ಮೊದಲು ಮೂತಿಯನ್ನು ನೋಡಬೇಕು. ಹಂಟರ್‌ನ ಮೂತಿ ಮುಚ್ಚಿಕೊಂಡು ಚೂಪಾಗಿದೆ. ಎಂಜಿನ್ನಿಗೆ ಬೇಕಾದ ಗಾಳಿ ರೆಕ್ಕೆಗಳ ಬುಡದಲ್ಲಿರುವ ತ್ರಿಕೋನಾಕಾರದ ಬಾಯಿಗಳಿಂದ ಒಳಹೋಗುತ್ತದೆ. ಮಿಸ್ಟೇರ್ ಮತ್ತು ಸೇಬರ್‌ಗಳಿಗಾದರೋ ಮೂತಿಯೇ ಗಾಳಿಯ ಬಾಯಿ. ಈ ಎರಡನ್ನು ಬೇರ್ಪಡಿಸಲು ಬಾಲದ ಕಡೆಗೆ ಹೊರಳಬೇಕು. ಸೇಬರ್‌ನಲ್ಲಿ ಬಾಲದ ಅಡ್ಡರೆಕ್ಕೆಗಳು ಒಡಲಿಗೇ ಅಂಟಿಕೊಂಡಿವೆ. ಮಿಸ್ಟೇರ್‌ನಲ್ಲಿ ಅವು ನೆಟ್ಟಗೆ ನಿಂತ ಬಾಲದ ರೆಕ್ಕೆಯ ನಡುವಿನಲ್ಲಿ, ಒಡಲಿಗಿಂತ ಮೇಲೆ ಇವೆ. ಸ್ಟಾರ್‌ಫೈಟರ್ ಅನ್ನು ಗುರುತಿಸುವುದು ಇವೆಲ್ಲಕ್ಕಿಂತ ಸುಲಭ. ಅದರದು ಬಾಣದಂತೆ ನೀಳವಾದ ಒಡಲು, ಗಿಡ್ಡವಾಗಿ ತೆಳುವಾದ ರೆಕ್ಕೆಗಳು. ಬಾಲದ ಅಡ್ಡರೆಕ್ಕೆ ತುತ್ತತುದಿಯಲ್ಲಿ ಕುಳಿತಿದೆ.

ಆದರೆ ಆಕಾರವೊಂದೇ ಸಾಲದು. ಆ ಯುದ್ಧದಲ್ಲಿ ನಮ್ಮ ವಾಯುಪಡೆ ಬ್ರಿಟನ್ನಿನ ಕ್ಯಾನ್‌ಬೆರಾ ಬಾಂಬರುಗಳನ್ನು ಬಳಸಿತು. ಪಾಕಿಸ್ತಾನವು ಬಳಸಿದ ಬಿ-57 ಬಾಂಬರು ಅದೇ ಕ್ಯಾನ್‌ಬೆರಾದ ವಿನ್ಯಾಸವನ್ನು ಆಧರಿಸಿ ಅಮೆರಿಕದಲ್ಲಿ ತಯಾರಾದುದು. ಅಗಲವಾದ ರೆಕ್ಕೆ, ರೆಕ್ಕೆಗೊಂದರಂತೆ ಎಂಜಿನ್, ಎಲ್ಲವೂ ಒಂದೇ. ವೈಮಾನಿಕರು ಕುಳಿತುಕೊಳ್ಳುವ ಸ್ಥಾನದಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ. ಬಿ-57ರಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ನೀಳವಾದ ಗಾಜಿನ ಹೊದಿಕೆಯ ಕೆಳಗೆ ಕುಳಿತಿರುತ್ತಾರೆ. ನಮ್ಮ ಬಾಂಬರು ಕ್ಯಾನ್‌ಬೆರಾಗಳಲ್ಲಿ ಚಾಲಕನ ಗಾಜಿನ ಗುಮ್ಮಟ ಚಿಕ್ಕದಾಗಿದ್ದು ನಡುಗೆರೆಯಿಂದ ಎಡಕ್ಕೆ ಸರಿದಿದೆ.

ಇಂತಹ ಸಂದರ್ಭಗಳಲ್ಲಿ ನೆರವಿಗೆ ಬರುವುದು ರಾಷ್ಟ್ರಲಾಂಛನ. ನಮ್ಮ ವಾಯುಪಡೆಯ ವೃತ್ತಲಾಂಛನದ ನಡುವೆ ಹಸಿರು, ಅದರ ಸುತ್ತ ಬಿಳಿ, ಹೊರಗೆ ಕೇಸರಿ. ಪಾಕಿಸ್ತಾನದ ಲಾಂಛನದಲ್ಲಿ ನಡುವೆ ಬಿಳಿ, ಸುತ್ತಲೂ ಹಸಿರು. ಕಪ್ಪುಬಿಳುಪಿನ ಚಿತ್ರದಲ್ಲಿ ಬಣ್ಣಗಳು ಅಳಿದು ಬೂದುಛಾಯೆಗಳಷ್ಟೇ ಉಳಿಯುತ್ತವೆ. ಆದರೂ ವೃತ್ತದ ನಡುಭಾಗ ಕಪ್ಪಾಗಿದೆಯೇ ಬಿಳುಪಾಗಿದೆಯೇ ಎಂಬುದನ್ನು ನೋಡಿ ದೇಶವನ್ನು ಹೇಳಬಹುದು.

ಲಾಂಛನವು ಕಾಲವನ್ನೂ ತಿಳಿಸುತ್ತದೆ. ಜನರಲ್ ತಿಮ್ಮಯ್ಯನವರು ಸೇನೆಯನ್ನು ನಡೆಸಿದ ಬರ್ಮಾ ರಣರಂಗದಲ್ಲಿ ಜಪಾನಿನ ವಿಮಾನಗಳು ಕೆಂಪು ಸೂರ್ಯನ ಗುರುತನ್ನು ಹೊತ್ತಿದ್ದವು. ಗೊಂದಲವಾಗಬಾರದೆಂದು ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ಲಾಂಛನದ ಕೆಂಪು ಬಣ್ಣವನ್ನು ತೆಗೆದುಹಾಕಲಾಯಿತು. ಸ್ವಾತಂತ್ರ್ಯ ಬಂದ ಮೊದಲ ವರ್ಷಗಳಲ್ಲಿ ನಮ್ಮ ವಿಮಾನಗಳು ಅಶೋಕಚಕ್ರವನ್ನು ಧರಿಸಿದ್ದವು; ಮೂರು ಬಣ್ಣಗಳ ವೃತ್ತ ಬಂದುದು ಅನಂತರ. ಇದಲ್ಲದೆ, ವಿಮಾನದ ಒಡಲಿನ ಹಿಂಭಾಗದಲ್ಲಿ ಬರೆದಿರುವ ಕ್ರಮಸಂಖ್ಯೆಯೂ ಉಪಯುಕ್ತ. ಮಿಸ್ಟೇರ್‌ಗಳ ಸಂಖ್ಯೆಗೆ ‘ಐಎ’, ಹಂಟರ್‌ಗಳ ಸಂಖ್ಯೆಗೆ ‘ಬಿಎ’ ಎಂಬ ಅಕ್ಷರಗಳು ಮುಂದಿರುತ್ತಿದ್ದವು. ಈ ಸಂಖ್ಯೆ ಸ್ಪಷ್ಟವಾಗಿ ಕಂಡರೆ ವಿಮಾನದ ಜಾತಿಯ ಜೊತೆಗೆ ಆ ಒಂದು ವಿಮಾನದ ಚರಿತ್ರೆಯನ್ನೇ ಹುಡುಕಬಹುದು. ಅಕ್ಷರಗಳು ತಿರುಗುಮುರುಗಾಗಿ ಕಂಡರೆ ಚಿತ್ರವನ್ನು ಮಗುಚಿಟ್ಟ ನೆಗೆಟಿವ್‌ನಿಂದ ಮುದ್ರಿಸಲಾಗಿದೆಯೆಂದು ತಿಳಿಯಬೇಕು.

ಕಾಳಗದ ನಡುವೆ ತೆಗೆದ ಚಿತ್ರಗಳ ಪರೀಕ್ಷೆ ಇನ್ನೂ ಕಠಿಣವಾದುದು. ಯುದ್ಧವಿಮಾನಗಳಲ್ಲಿ ಬಂದೂಕಿನೊಡನೆ ಒಂದು ಕ್ಯಾಮೆರಾ ಇರುತ್ತಿತ್ತು. ಗುಂಡು ಹಾರುವಾಗ ಅದು ತಾನಾಗಿಯೇ ಚಿತ್ರ ತೆಗೆಯುತ್ತಿತ್ತು. ಅದರಲ್ಲಿ ಎದುರಿನ ವಿಮಾನ ಅನೇಕ ವೇಳೆ ಒಂದು ಚುಕ್ಕೆ, ಒಂದು ಗೆರೆಯಷ್ಟೇ. ಇಂತಹ ಕಡೆ ಊಹೆಯನ್ನು ನಿರ್ಣಯವೆಂದು ಬರೆಯುವುದು ಸಲ್ಲದು. ಸ್ಥಳ, ದಿನ, ವೇಳೆ, ಉಭಯ ಪಕ್ಷಗಳ ದಾಖಲೆಗಳು ಇವುಗಳೊಡನೆ ಚಿತ್ರವನ್ನು ಹೋಲಿಸಿದ ಮೇಲೆಯೇ ಮಾತನಾಡಬೇಕು.

ಹೀಗೆ ಹೋಲಿಸಿ ನೋಡುವುದರ ಬೆಲೆ ಏನೆಂಬುದನ್ನು ಕೊಡಗಿನ ವೀರರೊಬ್ಬರ ಕಥೆ ತೋರಿಸುತ್ತದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ರಲ್ಲಿ ಜನಿಸಿದರು. 1965ರ ಸೆಪ್ಟೆಂಬರ್ 7ರ ಮುಂಜಾನೆ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳು ಪಂಜಾಬಿನ ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿ ಮಾಡಿದವು. ಮೀಸಲು ವೈಮಾನಿಕರಾಗಿದ್ದ ದೇವಯ್ಯನವರೂ ಆ ದಾಳಿಯಲ್ಲಿ ಸೇರಿದರು. ಉಳಿದವರು ಮರಳಿದರು, ದೇವಯ್ಯನವರು ಮರಳಲಿಲ್ಲ. ಅವರಿಗೇನಾಯಿತೆಂಬುದನ್ನು ಜೊತೆಗಾರರಾರೂ ಕಂಡಿರಲಿಲ್ಲ. ‘ಕಾಣೆಯಾದವರು’ ಎಂಬ ಪಟ್ಟಿಯಲ್ಲಿ ಅವರ ಹೆಸರು ಉಳಿಯಿತು.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಆ ಯುದ್ಧದ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಅಂದು ಸರ್ಗೋಧಾ ದಾಳಿಯನ್ನು ಎದುರಿಸಿದ ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ಒಂದರೊಡನೆ ಕಾಳಗಕ್ಕಿಳಿದು ತಾನೇ ನಾಶವಾಯಿತೆಂದೂ, ಅದರ ಚಾಲಕ ಅಮ್ಜದ್ ಹುಸೇನ್ ಹೊರಜಿಗಿದು ಬದುಕಿದನೆಂದೂ ಅದರಿಂದ ತಿಳಿದುಬಂದಿತು. ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟಲಾರದು. ಅಂತಹ ವಿಮಾನದಲ್ಲಿ ಕುಳಿತು ಹೋರಾಡಿದವರು ಯಾರು?

ಇಲ್ಲಿ ವಿಮಾನದ ಜಾತಿಯೇ ಉತ್ತರಕ್ಕೆ ದಾರಿಯಾಯಿತು. ಅದೇ ದಿನ ಹಂಟರ್‌ಗಳೂ ಆ ಪ್ರದೇಶದ ಮೇಲೆ ದಾಳಿಗೆ ಹೋಗಿದ್ದವು, ಅವುಗಳಲ್ಲಿಯೂ ಕೆಲವು ಮರಳಲಿಲ್ಲ. ಎದುರಾಳಿಯನ್ನು ಹಂಟರ್ ಎಂದು ತಪ್ಪಾಗಿ ಬರೆದಿದ್ದರೆ ಶೋಧನೆ ದಾರಿ ತಪ್ಪುತ್ತಿತ್ತು. ದಿನ ಕಳೆಯುವ ಮೊದಲು ಇನ್ನೊಂದು ಮಿಸ್ಟೇರ್ ಸಹ ನಷ್ಟವಾಗಿತ್ತಾದುದರಿಂದ ವೇಳೆಯನ್ನೂ ನೋಡಬೇಕಾಗಿತ್ತು. ವಿಮಾನ ಮಿಸ್ಟೇರ್, ಸ್ಥಳ ಸರ್ಗೋಧಾ, ವೇಳೆ ಮುಂಜಾನೆ. ಈ ಮೂರೂ ಕೂಡಿದಾಗ ಉಳಿದುದು ದೇವಯ್ಯನವರ ಹೆಸರೊಂದೇ. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಅನಂತರ, ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಮಡಿಕೇರಿಯ ವೃತ್ತವೊಂದು ಇಂದು ಅವರ ಹೆಸರನ್ನು ಹೊತ್ತಿದೆ.

ಅದೇ ಯುದ್ಧದ ಕೊನೆಯಲ್ಲಿ, ಸೆಪ್ಟೆಂಬರ್ 22ರಂದು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪುತ್ರ ಕೆ. ಸಿ. ಕಾರ್ಯಪ್ಪನವರು ನಡೆಸುತ್ತಿದ್ದ ವಿಮಾನವೂ ನೆಲದ ಗುಂಡಿಗೆ ಸಿಕ್ಕಿ ಉರುಳಿತು. ಅವರು ಯುದ್ಧಕೈದಿಯಾಗಿ 1966ರಲ್ಲಿ ತಾಯ್ನಾಡಿಗೆ ಮರಳಿದರು. ಅವರದು ಹಂಟರ್ ವಿಮಾನ. ಕೊಡಗಿನ ಈ ಇಬ್ಬರು ವೈಮಾನಿಕರ ವಿಮಾನಗಳ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರೆ, ಯಾವುದು ಯಾವುದೆಂದು ವಿದ್ಯಾರ್ಥಿಗಳು ಈಗ ಮೂತಿಯನ್ನು ನೋಡಿಯೇ ಹೇಳಬಲ್ಲರು.

ಹಳೆಯ ಚಿತ್ರವೊಂದು ಕೈಗೆ ಬಂದಾಗ ಅವಸರದಿಂದ ಹೆಸರಿಡಬಾರದು. ರೆಕ್ಕೆಯಿಂದ ಬಾಲದವರೆಗೆ ತಾಳ್ಮೆಯಿಂದ ನೋಡಬೇಕು. ಲಾಂಛನವನ್ನು, ಸಂಖ್ಯೆಯನ್ನು, ದಿನಾಂಕವನ್ನು ಒಂದರೊಡನೊಂದು ತಾಳೆ ನೋಡಬೇಕು. ಸಾಕ್ಷ್ಯ ಸಾಲದಿದ್ದರೆ ಸಾಲದೆಂದೇ ಬರೆಯಬೇಕು. ಏಕೆಂದರೆ ಪ್ರತಿಯೊಂದು ಯುದ್ಧವಿಮಾನದ ಒಳಗೂ ಒಬ್ಬ ಮನುಷ್ಯನಿದ್ದನು. ವಿಮಾನಕ್ಕೆ ಇಟ್ಟ ಹೆಸರು ತಪ್ಪಿದರೆ ಅವನ ಸಾಹಸ ಇನ್ನೊಬ್ಬರ ಲೆಕ್ಕಕ್ಕೆ ಸೇರಬಹುದು, ಇಲ್ಲವೆ ಯಾರ ಲೆಕ್ಕಕ್ಕೂ ಸೇರದೆ ಮರೆಯಾಗಬಹುದು.