ಗರ್ಭಿಣಿಯರ ದಂತಕ್ಷಯ: ಸೌಮ್ಯ ಚಿಕಿತ್ಸೆ ಮತ್ತು ನೋವಿನ ಶಮನ

ಅಡಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ, ಮಳೆ ಕಡಮೆಯಾದ ಜಗಳೂರು, ಈ ನಾಲ್ಕೂ 1997ರಲ್ಲಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿವೆ. ಜಿಲ್ಲಾ ಕೇಂದ್ರದಲ್ಲಿ 1979ರಿಂದ ದಂತವೈದ್ಯ ಕಾಲೇಜು ನಡೆಯುತ್ತಿದೆ. ಆದರೂ ಬಸುರಿಗೆ ಹಲ್ಲುನೋವು ಬಂದರೆ ಹೆರಿಗೆಯಾದ ಮೇಲೆ ನೋಡಿದರಾಯಿತೆಂದು ಸುಮ್ಮನಿರುವುದುಂಟು. ಈ ವಿಳಂಬವು ಚಿಕಿತ್ಸೆಗಿಂತ ಹೆಚ್ಚು ಅಪಾಯಕರವೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ರೋಗದ ಕಾರಣವನ್ನು ನೋಡೋಣ. ಹೊಟ್ಟೆಯ ಶಿಶುವು ತಾಯಿಯ ಹಲ್ಲಿನ ಸುಣ್ಣವನ್ನು ಹೀರುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲವು ಹಲ್ಲಿನ ಗಟ್ಟಿ ಕವಚವನ್ನು ಕರಗಿಸುತ್ತದೆ. ಬಯಕೆಯ ದಿನಗಳಲ್ಲಿ ಪದೇ ಪದೇ ತಿನ್ನುವುದರಿಂದ ಈ ಕ್ರಿಯೆಗೆ ಬಿಡುವಿರದು. ವಾಂತಿಯೊಡನೆ ಜಠರದ ಆಮ್ಲವೂ ಹಲ್ಲನ್ನು ಸವೆಸುತ್ತದೆ. ಹಾರ್ಮೋನುಗಳ ಏರಿಕೆಯಿಂದ ವಸಡು ಊದಿ ರಕ್ತ ಒಸರುವುದರಿಂದ ಹಲ್ಲುಜ್ಜುವುದೂ ಕಡಮೆಯಾಗುತ್ತದೆ. ಜಗಳೂರಿನ ಕಡೆ ಕೊಳವೆಬಾವಿಯ ಫ್ಲೋರೈಡಿನಿಂದ ಹಲ್ಲಿನ ಮೇಲೆ ಕಾಣುವ ಕಂದು ಕಲೆ ಬೇರೆಯೇ ವಿಷಯ. ಅದು ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗ ಮೂಡಿದ್ದು.

ಚಿಕಿತ್ಸೆಗೆ ಗರ್ಭಾವಸ್ಥೆಯ ಯಾವ ತಿಂಗಳೂ ನಿಷಿದ್ಧವಲ್ಲ. ನಾಲ್ಕರಿಂದ ಆರನೆಯ ತಿಂಗಳವರೆಗಿನ ಕಾಲ ಹೆಚ್ಚು ಅನುಕೂಲ. ಆಗ ವಾಕರಿಕೆ ಇಳಿದಿರುತ್ತದೆ, ಹೊಟ್ಟೆಯ ಭಾರವೂ ಅತಿಯಾಗಿರುವುದಿಲ್ಲ. ಕೀವುಗಟ್ಟಿದರೆ ಮಾತ್ರ ಕಾಲಕ್ಕಾಗಿ ಕಾಯತಕ್ಕದ್ದಲ್ಲ. ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿದರೆ ಗರ್ಭಕೋಶವು ದೊಡ್ಡ ರಕ್ತನಾಳವನ್ನೊತ್ತಿ ತಲೆಸುತ್ತು ಬರಬಹುದು. ಬಲ ಸೊಂಟದಡಿ ದಿಂಬಿಟ್ಟು ಎಡಕ್ಕೆ ತುಸು ಓರೆಯಾಗಿಸಿದರೆ ಅದು ತಪ್ಪುತ್ತದೆ.

ಸೌಮ್ಯ ಚಿಕಿತ್ಸೆಯೆಂದರೆ ಕೈಯುಪಕರಣದಿಂದಲೇ ಹುಳುಕಿನ ಮೆತ್ತನೆಯ ಭಾಗವನ್ನು ತೆಗೆದು, ಉಳಿದ ಕುಳಿಯನ್ನು ಗ್ಲಾಸ್ ಅಯನೋಮರ್ ಎಂಬ ಸಿಮೆಂಟಿನಿಂದ ತುಂಬುವುದು. 1980ರ ದಶಕದಲ್ಲಿ ಆಫ್ರಿಕದ ತಾಂಜಾನಿಯದಲ್ಲಿ, ವಿದ್ಯುತ್ತಿಲ್ಲದ ಹಳ್ಳಿಗಳಿಗಾಗಿ ಈ ಕ್ರಮ ಬೆಳೆಯಿತು. ಕೊರೆಯುವ ಯಂತ್ರ ಬೇಡ. ಅನೇಕ ವೇಳೆ ಸೂಜಿಯೂ ಬೇಡ. ಈ ಸಿಮೆಂಟು ಹಲ್ಲಿಗೆ ತಾನೇ ಅಂಟಿಕೊಂಡು ಫ್ಲೋರೈಡನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಪಾದರಸವುಳ್ಳ ಬೆಳ್ಳಿಯ ತುಂಬುವಿಕೆಯನ್ನು ಗರ್ಭಿಣಿಯರಿಗೆ ಬಳಸದಿರುವಂತೆ ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2022ರಲ್ಲಿ ನಿರ್ಣಯಿಸಿರುವುದರಿಂದ ಈ ಸಿಮೆಂಟಿನ ಮಹತ್ವ ಇನ್ನೂ ಹೆಚ್ಚಿದೆ. ಹುಳುಕು ಹಲ್ಲಿನ ಜೀವಭಾಗವನ್ನು ಮುಟ್ಟಿದ್ದರೆ ಇಷ್ಟು ಸಾಲದು. ಬೇರಿನ ಚಿಕಿತ್ಸೆಯೋ ಹಲ್ಲು ಕೀಳುವುದೋ ಬೇಕಾಗುತ್ತದೆ. ಲಿಗ್ನೊಕೇನ್ ಅರಿವಳಿಕೆಯೊಡನೆ ಇವೆರಡನ್ನೂ ಬಸುರಿಯಲ್ಲಿ ಮಾಡಬಹುದು.

ನೋವಿನ ಶಮನಕ್ಕೆ ಮೊದಲು ಆಯ್ದುಕೊಳ್ಳುವ ಮದ್ದು ಪ್ಯಾರಸಿಟಮಾಲ್. ವೈದ್ಯರು ಹೇಳಿದ ಅಳತೆಯಲ್ಲಿ, ಅಗತ್ಯವಿದ್ದಷ್ಟೇ ದಿನ. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಗುಳಿಗೆಗಳನ್ನು ತಾವಾಗಿ ನುಂಗತಕ್ಕದ್ದಲ್ಲ. 20ನೆಯ ವಾರದ ನಂತರ ಅವು ಶಿಶುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ಕಡಮೆಮಾಡಬಲ್ಲವು. ಕೊನೆಯ ತಿಂಗಳುಗಳಲ್ಲಿ ಶಿಶುವಿನ ಹೃದಯದ ಬಳಿಯ ರಕ್ತನಾಳವನ್ನು ಅಕಾಲದಲ್ಲಿ ಮುಚ್ಚಿಸಬಲ್ಲವು. ಟೆಟ್ರಾಸೈಕ್ಲಿನ್ ಶಿಶುವಿನ ಹಾಲುಹಲ್ಲಿಗೆ ಮಾಸದ ಕಲೆ ತರುತ್ತದೆ. ಸೋಂಕಿಗೆ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ ಸುರಕ್ಷಿತ. ಆದರೆ ಗುಳಿಗೆಯಿಂದ ನೋವು ಅಡಗಿತೆಂದರೆ ರೋಗ ಹೋಯಿತೆಂದಲ್ಲ. ಕಡ್ಡಿಪುಡಿಯನ್ನೊ ಹೊಗೆಸೊಪ್ಪನ್ನೊ ಹಲ್ಲಿಗೊತ್ತಿ ನೋವು ಮರೆಸುವ ರೂಢಿಯನ್ನಂತೂ ಬಿಡಲೇಬೇಕು. ಅದರ ನಿಕೋಟಿನ್ ರಕ್ತದ ಮೂಲಕ ಶಿಶುವನ್ನು ಸೇರುತ್ತದೆ.

ಮನೆಯಲ್ಲಿ ಮಾಡತಕ್ಕದ್ದು ಸರಳ. ವಾಂತಿಯಾದೊಡನೆ ಹಲ್ಲುಜ್ಜದೆ, ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡ ಕದಡಿ ಬಾಯಿ ಮುಕ್ಕಳಿಸಿ ಉಗುಳಬೇಕು. ಅರ್ಧ ಗಂಟೆ ಕಳೆದ ಮೇಲೆ ಉಜ್ಜಬಹುದು. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

2016ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತಿದೆ. ಅಂದು ತಾಯಿ ಕಾರ್ಡಿನೊಡನೆ ಹಲ್ಲಿನ ವಿಚಾರವನ್ನೂ ವೈದ್ಯರ ಮುಂದಿಡುವುದು ಸುಲಭ. ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಯ ಅಕ್ಕ, ಅತ್ತಿಗೆಯರಿಗೆ ಇಷ್ಟನ್ನು ತಿಳಿಸಿದರೂ ಅನೇಕ ತಾಯಂದಿರ ನಿದ್ರೆಗೆಟ್ಟ ರಾತ್ರಿಗಳು ತಪ್ಪಿಯಾವೆಂದು ನಂಬುತ್ತೇವೆ.