ಅಕ್ಷರ ಒಡದಾವ್ರೀ ಸರ

ನಿವೃತ್ತ ಮಾಸ್ತರರೊಬ್ಬರ ಅಭಿನಂದನೆಗೆಂದು ನಲವತ್ತು ಪುಟದ ಹೊತ್ತಿಗೆಯೊಂದನ್ನು ಮಾಡಿಸಬೇಕಿತ್ತು. ಹಳೆಯ ವಿದ್ಯಾರ್ಥಿಗಳು ಬೇರೆ ಬೇರೆ ಊರುಗಳಿಂದ ಟೈಪು ಮಾಡಿ ಕಳಿಸಿದ ಬರಹಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಬಂಕಾಪುರದ ಒಂದು ಡಿ.ಟಿ.ಪಿ. ಅಂಗಡಿಗೆ ಹೋದೆ. ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಗೋಡೆ ತುಂಬ ಲಗ್ನಪತ್ರಿಕೆಯ ನಮೂನೆಗಳು. ಹುಡುಗ ಮೊದಲ ಕಡತ ತೆರೆದ. ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ನಡುನಡುವೆ ಬ್ರಿಟನ್ನಿನ ಪೌಂಡ್ ಗುರುತು.

“ಅಕ್ಷರ ಒಡದಾವ್ರೀ ಸರ,” ಅಂದ. ಗಾಬರಿ ಏನಿಲ್ಲ, ಹಾಲು ಒಡೆಯಿತು ಅನ್ನುವಷ್ಟೇ ಸಲೀಸು. ಎರಡನೆಯ ಕಡತ ತೆರೆದಾಗ ಮಾತ್ರ ಹುಬ್ಬು ಗಂಟಿಕ್ಕಿದ. ಅದು ಬೇರೆ ಥರದ ಕಸ. ಮೊಬೈಲು ಎತ್ತಿ ಪರದೆಯ ಫೋಟೊ ತೆಗೆದು ಯಾರಿಗೋ ಕಳಿಸಿದ. ಚಹಾ ಬರುವಷ್ಟರಲ್ಲಿ ಗದುಗಿನಿಂದ ಉತ್ತರ ಬಂತು. ಇದು ನುಡಿ ತಂತ್ರಾಂಶದ್ದಲ್ಲ, ಬೇರೆ ಕಂಪನಿಯದು. ಫಾಂಟ್ ಕಳಿಸಿದ್ದೇನೆ, ಹಾಕಿಕೊ. ಆಮೇಲೆ ಪರಿವರ್ತಕಕ್ಕೆ ಕೊಡು. ಅರ್ಕಾವತ್ತುಗಳನ್ನು ಮಾತ್ರ ಒಂದೊಂದೂ ಕಣ್ಣಿಟ್ಟು ನೋಡು.

“ಯಾರಪ್ಪಾ ಅವರು?” ಎಂದೆ.

“ಗುರ್ತಿಲ್ರಿ. ಅಂದ್ರ, ಮುಖಾ ನೋಡಿಲ್ಲ. ಎಂಟ್ ವರ್ಷಾತು, ನಾ ಕೇಳಾಕತ್ತೀನಿ, ಅವ್ರು ಹೇಳಾಕತ್ತಾರ.”

ಕನ್ನಡದಲ್ಲಿ ಪುಟ ಕಟ್ಟುವ ಕಸಬು ಹೀಗೆ ನಡೆಯುತ್ತದೆ. ಅದಕ್ಕೆ ಪಠ್ಯಪುಸ್ತಕವಿಲ್ಲ. ತಂತ್ರಾಂಶದ ಜೊತೆ ಬರುವ ಕೈಪಿಡಿಯಲ್ಲಿ ಒತ್ತಕ್ಷರದ ಕಷ್ಟ ಯಾರೂ ಬರೆದಿರುವುದಿಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗಿನ ಮುದ್ರಣಾಲಯಗಳಲ್ಲಿ ಕಂಪೋಸಿಟರುಗಳು ಸಾಲಾಗಿ ನಿಂತು ಕೇಸಿನಿಂದ ಮೊಳೆ ಆರಿಸುತ್ತಿದ್ದರು. ಹೊಸಬನಿಗೆ ‘ಷ್ಟ್ರ’ದ ಒತ್ತು ಎಲ್ಲಿದೆ ಎಂದು ತಿಳಿಯದಿದ್ದರೆ ಪಕ್ಕದ ಕೇಸಿನ ಹಿರಿಯ ಕೈ ಚಾಚಿ ತೋರಿಸುತ್ತಿದ್ದ. ಕಂಪ್ಯೂಟರು ಬಂದದ್ದೇ ಆ ಪಕ್ಕದವನು ಮಾಯವಾದ. ಈಗ ಒಂದು ಅಂಗಡಿಗೆ ಒಬ್ಬನೇ ಆಪರೇಟರು. ಪಕ್ಕದ ಕೇಸಿನ ಹಿರಿಯ ಈಗ ಗದುಗಿನಲ್ಲೋ ಮಂಗಳೂರಿನಲ್ಲೋ ಕೂತು ಫೋಟೊ ನೋಡಿ ಉತ್ತರಿಸುತ್ತಾನೆ. ಬಿಲ್ಲು ಕಳಿಸುವುದಿಲ್ಲ.

ಒಡೆದದ್ದು ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಕೂತಂಥವು. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಪಿ. ಫಾಂಟು ಅದಕ್ಕೆ ‘ಕ’ದ ಒಡಲಿನ ವೇಷ ಹಾಕುತ್ತದೆ. ಗೀಟು ಹೊತ್ತ ಎ ಎಂದರೆ ತಲೆಕಟ್ಟು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದ ಏಳು ತುಂಡುಗಳ ಜೋಡಣೆ: ಕ-ದ ಒಡಲು, ತಲೆಕಟ್ಟು, ನ-ದ ಒಡಲು, ತಲೆಕಟ್ಟು, ನ-ಒತ್ತು, ಡ-ದ ಒಡಲು, ತಲೆಕಟ್ಟು. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ, ಒಳಗಿನ ಇಂಗ್ಲಿಷು ಹೊರಬೀಳುತ್ತದೆ. ಒಂದೊಂದು ಕಂಪನಿ ಒಂದೊಂದು ರೀತಿ ಬಾಡಿಗೆಗೆ ಕೂತಿದ್ದರಿಂದ ಇದರ ತುಂಡು ಅದಕ್ಕೆ ಕೂಡುವುದಿಲ್ಲ. ನುರಿತ ಆಪರೇಟರು ಕಸದ ರೂಪ ನೋಡಿಯೇ ಅದು ಯಾವ ತಂತ್ರಾಂಶದ ಕಸ ಎಂದು ಹೇಳುತ್ತಾನೆ, ಕಾಳು ಮುಟ್ಟಿ ತಳಿ ಹೇಳುವ ರೈತನ ಹಾಗೆ.

ಯೂನಿಕೋಡ್ ಬಂದದ್ದು ಈ ಬಾಡಿಗೆ ಬಿಡಿಸಲು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ವಂತ ಮನೆಗಳು ಸಿಕ್ಕವು. ಅಲ್ಲಿ ‘ಕನ್ನಡ’ ಐದೇ ಸಂಕೇತ: ಕ, ನ, ಹಲಂತ ಚಿಹ್ನೆ, ನ, ಡ. ಎರಡನೆಯ ನ-ವನ್ನು ಒತ್ತಾಗಿಸಿ ಕೆಳಗೆ ಕೂರಿಸುವ ಕೆಲಸ ತಂತ್ರಾಂಶದ್ದು. ತಂತ್ರಾಂಶಕ್ಕೆ ಆ ವಿದ್ಯೆ ಬರದಿದ್ದರೆ? ಅಲ್ಲೇ ತಕರಾರು. ನಮ್ಮ ಸಣ್ಣ ಊರುಗಳ ಮುದ್ರಣವೆಲ್ಲ ನಿಂತದ್ದು ಪೇಜ್‌ಮೇಕರ್ ಮೇಲೆ. 1985ರಲ್ಲಿ ಹುಟ್ಟಿದ ಅದು ಏಳನೆಯ ಆವೃತ್ತಿಗೆ ಬೆಳವಣಿಗೆ ನಿಲ್ಲಿಸಿತು, ಕೊನೆಯ ತನಕ ಯೂನಿಕೋಡ್ ಕಲಿಯಲಿಲ್ಲ. ಆದರೂ ಬಿಡುವವರಿಲ್ಲ. ಹದಿನೈದು ವರ್ಷದ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರದ ಕಡತಗಳು ಅದರಲ್ಲೇ ಇವೆ. ಹೆಸರು, ಮುಹೂರ್ತ ಬದಲಿಸಿದರೆ ಪತ್ರಿಕೆ ಸಿದ್ಧ. ಹಂಗಾಮಿನಲ್ಲಿ ದಿನಕ್ಕೆ ಹತ್ತು ಲಗ್ನಪತ್ರಿಕೆ ಮಾಡುವವನಿಗೆ ಯೂನಿಕೋಡಿನ ಉಪದೇಶ ಮಾಡುವುದು ಸುಲಭ. ಆ ಕಡತಗಳನ್ನು ಯಾರು ತಿದ್ದಿಕೊಡುತ್ತಾರೆ?

ಆ ತಿದ್ದುವ ಕೆಲಸಕ್ಕೇ, ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು. ಇದರಲ್ಲಿ ಅರವಿಂದ ವಿ.ಕೆ. ಅವರು ಮಾಡಿ, ಒಳಗಿನ ಬರಹ ಸಮೇತ ಎಲ್ಲರಿಗೂ ತೆರೆದಿಟ್ಟ ಪರಿವರ್ತಕ ಬಹಳ ಜನರ ಕೈ ಹಿಡಿದಿದೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳ ಹಿಂದೆಯೂ ಅವರ ಕೆಲಸವಿದೆ. (ಕೋಟೆಯೊಳಗೆ ನವಿಲುಧಾಮ ಇಟ್ಟುಕೊಂಡ ಬಂಕಾಪುರದವರು ಪುರಸಭೆಯ ಫಲಕಗಳಿಗಾದರೂ ನವಿಲು ಫಾಂಟು ಬಳಸಬಹುದಿತ್ತು ಎಂದು ನನಗೊಂದು ಆಸೆ.) ಪರಿವರ್ತಕಗಳ ಮುಂದಿನ ಕಠಿಣ ಪರೀಕ್ಷೆ ಗದುಗಿನವರು ಎಚ್ಚರಿಸಿದ ಅದೇ ಅರ್ಕಾವತ್ತು. ‘ಸೂರ್ಯ’ ಎನ್ನುವಾಗ ನಾಲಿಗೆ ಮೊದಲು ರಕಾರ ಹೇಳುತ್ತದೆ, ಆಮೇಲೆ ಯಕಾರ. ಬರೆಯುವ ಕೈಯಾದರೋ ಮೊದಲು ಯ ಬರೆದು, ಅದರ ಬಲಕ್ಕೆ ಕೊಕ್ಕೆ ಹಾಕುತ್ತದೆ. ಹಳೆಯ ಫಾಂಟು ಕೈಯ ಕ್ರಮದಲ್ಲಿ ಬರೆದಿಟ್ಟುಕೊಂಡಿದೆ, ಯೂನಿಕೋಡು ನಾಲಿಗೆಯ ಕ್ರಮದಲ್ಲಿ. ಪರಿವರ್ತಕ ಆ ಕೊಕ್ಕೆಯನ್ನು ಎತ್ತಿ ಹಿಂದಕ್ಕೆ ಒಯ್ದು ಅಕ್ಷರದ ಮುಂಚೆ ಇಡಬೇಕು. ‘ಸಾಮರ್ಥ್ಯ’ದಂಥ ಪದದಲ್ಲಿ ನಡುವೆ ಒತ್ತೂ ಇರುತ್ತದೆ, ಅದನ್ನೂ ದಾಟಿ ಹೋಗಬೇಕು. ಲೆಕ್ಕ ಒಂದು ಹೆಜ್ಜೆ ತಪ್ಪಿದರೆ ಕೊಕ್ಕೆ ಪಕ್ಕದ ಮನೆಯ ಅಕ್ಷರಕ್ಕೆ ಸಿಕ್ಕಿಕೊಳ್ಳುತ್ತದೆ.

ಇನ್ನೂ ಸೂಕ್ಷ್ಮದವು ಇವೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಬೇಕಾದರೆ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಇಲ್ಲದಿದ್ದರೆ ಕ-ಒತ್ತು ಜಕಾರದ ಕಾಲಿಗೆ ಜೋತುಬೀಳುತ್ತದೆ. ‘ರ‍್ಯಾಂಕ್’ಗೆ ಇನ್ನೊಂದು ಅಗೋಚರ ಗುರುತು. ಕಾಣದ ವಸ್ತುವನ್ನು ಪುಸ್ತಕ ಓದಿ ಕಲಿಯುವುದು ಕಷ್ಟ, ಯಾರಾದರೂ ಪಕ್ಕ ನಿಂತು ‘ಇಲ್ಲಿ ಒತ್ತು’ ಅನ್ನಬೇಕು. ಇನ್‌ಡಿಸೈನ್ ತಂತ್ರಾಂಶಕ್ಕೆ ಕನ್ನಡದ ಒತ್ತು ಕೂರಿಸಲು ಬರುತ್ತದೆ, ಆದರೆ ಪ್ಯಾರಾಗ್ರಾಫ್ ಸೆಟ್ಟಿಂಗಿನ ಮೂಲೆಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಮಾತ್ರ. ಇದೊಂದು ಗೊತ್ತಿಲ್ಲದೆ ‘ಕನ್ನಡ ಬರೂದಿಲ್ರಿ ಇದರಾಗ’ ಎಂದು ಕೈಬಿಟ್ಟವರನ್ನು ಕಂಡಿದ್ದೇನೆ. ಉತ್ತರ ಒಂದು ಕ್ಲಿಕ್ಕಿನಷ್ಟು. ಕೇಳಲು ಒಬ್ಬರು ಬೇಕಿತ್ತು, ಅಷ್ಟೆ.

ಕೇಳುವ-ಹೇಳುವ ಈ ಪದ್ಧತಿಗೆ ಹಿರಿಯರಿದ್ದಾರೆ. ಮೊದಲು ನೆನೆಯಬೇಕಾದವರು ಕಿನ್ನಿಕಂಬಳ ಪದ್ಮನಾಭ ರಾವ್. ಮೊನೋಟೈಪಿನಂಥ ಮುದ್ರಣ ಸಂಸ್ಥೆಯಲ್ಲಿ ದುಡಿದ ಈ ಕೆ.ಪಿ. ರಾವ್ ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು, ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ನಾಡಿಗೆ ಬಿಟ್ಟುಕೊಟ್ಟರು. ಮೂಲ ಅಕ್ಷರ ಒತ್ತಿ, ಎಫ್ ಕೀಲಿ ಒತ್ತಿ, ಇನ್ನೊಂದು ಅಕ್ಷರ ಒತ್ತಿದರೆ ಒತ್ತಕ್ಷರ. ಇಂದು ಶಿಗ್ಗಾಂವಿ ತಹಶೀಲ್ದಾರ ಕಚೇರಿಯಿಂದ ಹಾನಗಲ್ಲಿನ ಪತ್ರ ಬರೆಯುವವರ ತನಕ ನುಡಿಯಲ್ಲಿ ಕುಟ್ಟುವವರೆಲ್ಲ ಕುಟ್ಟುವುದು ಆ ವಿನ್ಯಾಸವನ್ನೇ. ನುಡಿ ಕನ್ನಡ ಗಣಕ ಪರಿಷತ್ತಿನ ಕೊಡುಗೆ. ಅತ್ತ ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು, ಹೊರದೇಶದ ಕನ್ನಡಿಗರ ಕೈಯಲ್ಲಿ ಕನ್ನಡ ಬರೆಸಿತು. ಕಾದಂಬರಿ, ಮೀನು, ಹಕ್ಕಿಗಳ ನಡುವೆ ಪೂರ್ಣಚಂದ್ರ ತೇಜಸ್ವಿ ಕೂಡ ಕನ್ನಡ ತಂತ್ರಾಂಶಕ್ಕಾಗಿ ಹಂಪಿ ವಿಶ್ವವಿದ್ಯಾಲಯದ ಜೊತೆ ತಲೆ ಕೆಡಿಸಿಕೊಂಡಿದ್ದರು. ಸಾಹಿತಿಗೆ ಯಾಕೆ ಈ ಉಸಾಬರಿ ಎಂದವರಿಗೆ ತಮ್ಮ ಮುಂದಿನ ಪುಸ್ತಕ ಯಾವುದರಲ್ಲಿ ಅಚ್ಚಾಗುತ್ತದೆ ಎಂಬ ಯೋಚನೆ ಇದ್ದಿರಲಿಕ್ಕಿಲ್ಲ.

ಜಗತ್ತಿನಲ್ಲಿ ಈ ಪದ್ಧತಿಯ ದೊಡ್ಡಮನೆ ಟೆಕ್ ಎಂಬ ತಂತ್ರಾಂಶದ್ದು. ಅಮೆರಿಕದ ಗಣಿತಜ್ಞ ಡೊನಾಲ್ಡ್ ಕನೂತ್ 1977ರಲ್ಲಿ ತಮ್ಮ ಪುಸ್ತಕದ ಹೊಸ ಪ್ರೂಫ್ ನೋಡಿ ಬೇಸರಪಟ್ಟರು; ಮೊಳೆಯ ಕಾಲದ ಅಂದ ಹೋಗಿತ್ತು. ಪ್ರಕಾಶಕರನ್ನು ಬೈದು ಸುಮ್ಮನಾಗದೆ, ಅಕ್ಷರ ಜೋಡಿಸುವ ತಂತ್ರಾಂಶವನ್ನೇ ಬರೆದು ಪುಕ್ಕಟೆ ಹಂಚಿದರು. ಅದರಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2.56 ಡಾಲರಿನಿಂದ ಶುರುವಾದ ಇನಾಮಿನ ಚೆಕ್ಕು ಕೊಡುತ್ತಿದ್ದರು. ಪಡೆದವರಲ್ಲಿ ಹೆಚ್ಚಿನವರು ಬ್ಯಾಂಕಿಗೆ ಒಯ್ಯುತ್ತಿರಲಿಲ್ಲ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು! ಆವೃತ್ತಿಯ ಸಂಖ್ಯೆ 3.14ರಿಂದ ಒಂದೊಂದೇ ಅಂಕಿ ಬೆಳೆದು ಪೈ ಕಡೆಗೆ ಸಾಗುತ್ತಿದೆ. 1980ರಲ್ಲೇ ಅದರ ಬಳಕೆದಾರರ ಸಂಘ ಹುಟ್ಟಿತು. 2004ರಲ್ಲಿ ಜೊನಾಥನ್ ಕ್ಯೂ ಅದಕ್ಕೆ ಯೂನಿಕೋಡ್ ಕಲಿಸಿ ಝೀಟೆಕ್ ಮಾಡಿದ ಮೇಲೆ ಕನ್ನಡವೂ ನೆಟ್ಟಗೆ ಕೂತಿತು. ಸಾಲಿನ ಕೊನೆಯಲ್ಲಿ ಉದ್ದದ ಕನ್ನಡ ಪದವನ್ನು ಎಲ್ಲಿ ಮುರಿಯಬೇಕು ಎಂಬ ನಿಯಮಗಳನ್ನು ಬರೆದುಕೊಟ್ಟವರು ಕೇರಳದ ಸಂತೋಷ್ ತೊಟ್ಟಿಂಗಲ್. ‘ಹೋಗಬೇಕಾಗಿದ್ದುದರಿಂದ’ ಎಂಬಂಥ ಪದ ಇಕ್ಕಟ್ಟಿನ ಕಾಲಮ್ಮಿಗೆ ಬಂದರೆ ಸಾಲಿನಲ್ಲಿ ಹಲ್ಲು ಬಿದ್ದ ಬಾಯಿಯಂತೆ ಸಂದು ಬೀಳುವುದನ್ನು ಪತ್ರಿಕೆಯವರು ಬಲ್ಲರು. ಮಲಯಾಳದವರೊಬ್ಬರು ನಮ್ಮ ಪದಗಳಿಗೆ ಮುರಿವು ಹೇಳಿಕೊಟ್ಟರು ಎಂಬುದು ನಮಗೆ ಹೆಮ್ಮೆಯೋ ನಾಚಿಕೆಯೋ, ನನಗಿನ್ನೂ ತೀರ್ಮಾನವಾಗಿಲ್ಲ.

ಟೆಕ್ ಬಳಗದಲ್ಲಿ ಒಂದು ಕಟ್ಟುನಿಟ್ಟು ರಿವಾಜಿದೆ. ಕಷ್ಟ ಹೇಳಿಕೊಳ್ಳುವಾಗ ಇಡೀ ಪುಸ್ತಕ ಕಳಿಸಬಾರದು. ತಪ್ಪು ಎದ್ದು ಕಾಣುವ ಐದಾರು ಸಾಲು ಮಾತ್ರ ಉಳಿಸಿ, ಮಿಕ್ಕದ್ದನ್ನೆಲ್ಲ ತೆಗೆದು, ತಂತ್ರಾಂಶ ಯಾವುದು, ಆವೃತ್ತಿ ಎಷ್ಟನೆಯದು, ಫಾಂಟು ಯಾವುದು ಎಂದು ಬರೆದು ಕಳಿಸಬೇಕು. ಹಾವೇರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಣಸಿನ ಗಿಡಕ್ಕೆ ಮುಟುರು ರೋಗ ಬಂದರೆ ಔಷಧದಂಗಡಿಗೆ ಹೊಲವನ್ನು ಹೊತ್ತು ಒಯ್ಯುವುದುಂಟೇ? ರೋಗದ ಒಂದು ಗಿಡ ಕಿತ್ತು, ಬೇರಿನ ಮಣ್ಣೂ ಉದುರದಂತೆ ಚೀಲದಲ್ಲಿ ಒಯ್ಯುತ್ತಾರೆ. ಎಲೆ ಒಂದನ್ನೇ ಹರಿದು ಒಯ್ದರೆ ಅಂಗಡಿಯವನಿಗೆ ತಿಳಿಯುವುದಿಲ್ಲ. ‘ನನ್ನ ಕಂಪ್ಯೂಟರಿನಾಗ ಕನ್ನಡ ಬರವಲ್ದು’ ಎಂದು ಕೇಳುವುದು ಎಲೆ ಹರಿದು ಒಯ್ದಂತೆ. ಮಜಾ ಏನೆಂದರೆ, ಗಿಡ ಕೀಳಲು ಕೂತವರಿಗೆ ಅರ್ಧ ಸಲ ರೋಗ ಅಲ್ಲೇ ತಿಳಿದುಬಿಡುತ್ತದೆ. ಸಾಲು ಒಂದೊಂದಾಗಿ ತೆಗೆಯುತ್ತ ಹೋದಾಗ ಯಾವುದನ್ನು ತೆಗೆದ ಕೂಡಲೆ ತಪ್ಪು ಮಾಯವಾಯಿತೋ ಅದೇ ಕಳ್ಳ.

ಬಂಕಾಪುರಕ್ಕೆ ಇನ್ನೊಬ್ಬರ ಕೆಲಸ ಮುಂದುವರಿಸುವುದು ಹೊಸದಲ್ಲ. ರಾಷ್ಟ್ರಕೂಟರ ಬಂಕೇಯನ ಹೆಸರು ಹೊತ್ತ ಈ ಊರಲ್ಲಿ ಆತನ ಮಗ ಲೋಕಾದಿತ್ಯ ಆಳುತ್ತಿದ್ದಾಗ, 898ರಲ್ಲಿ, ಮಹಾಪುರಾಣದ ಪೂಜೆ ನಡೆಯಿತು. ಜಿನಸೇನರು ಅರ್ಧಕ್ಕೆ ಬಿಟ್ಟುಹೋದ ಗ್ರಂಥ ಅದು. ಮುಗಿಸಿದವರು ಶಿಷ್ಯ ಗುಣಭದ್ರರು. ಕೊನೆಗೆ ಪ್ರಶಸ್ತಿಯ ಪದ್ಯಗಳಲ್ಲಿ ಇಸವಿ, ಊರು, ಅರಸನ ಹೆಸರು ದಾಖಲಿಸಿದವರು ಅವರ ಶಿಷ್ಯ ಲೋಕಸೇನರು. ಮೂರು ತಲೆಮಾರಿನ ಕೈ. ಮುಧೋಳದ ಬಳೆಗಾರರ ಮನೆಯ ರನ್ನ ಗುರು ಅಜಿತಸೇನರನ್ನು ಹುಡುಕಿಕೊಂಡು ಬಂದದ್ದೂ ಇಲ್ಲಿಗೇ ಎಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಮುಂದೆ ಅದೇ ರನ್ನ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಕುರಿತು ಬರೆದ. ಸಾವಿರ ಪ್ರತಿ ಎಂದರೆ ಸಾವಿರ ಸಲ ಕೈಬರಹ. ಅಲ್ಲೂ ಲಿಪಿಕಾರರು ಅರ್ಕಾವತ್ತು ಬಿಟ್ಟಿರುತ್ತಾರೆ, ಯಾರೋ ತಿದ್ದಿರುತ್ತಾರೆ. ಇಂದು ಕೋಟೆಯೊಳಗೆ ಅರವತ್ತು ಕಂಬದ ನಾಗರೇಶ್ವರ ಗುಡಿ ಅರ್ಧ ನೆಲದೊಳಗೆ ಇಳಿದಂತೆ ನಿಂತಿದೆ, ಸುತ್ತ ನವಿಲು. ಹೆದ್ದಾರಿಯಲ್ಲಿ ಹುಬ್ಬಳ್ಳಿಗೆ ಓಡುವವರು ಎರಡು-ಮೂರು ಕಿಲೋಮೀಟರು ಒಳಗೆ ತಿರುಗುವುದಿಲ್ಲ.

ನಾಲ್ಕು ದಿನ ಬಿಟ್ಟು ಪ್ರೂಫ್ ತರಲು ಹೋದೆ. ಹುಡುಗ ಒಳ್ಳೆಯ ಕೆಲಸ ಮಾಡಿದ್ದ. ‘ರಾಷ್ಟ್ರ’, ‘ಸ್ತ್ರೀ’ ಬಂದ ಕಡೆ ಎರಡಂತಸ್ತಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯದಂತೆ ಸಾಲಿನ ಅಂತರ ತುಸು ಸಡಿಲಿಸಿದ್ದ. ಹೇಳಿಕೊಟ್ಟದ್ದಲ್ಲ, ಅವನದೇ ಕಣ್ಣು. ಕೆಂಪು ಪೆನ್ನು ಹಿಡಿದು ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಮೂರು ಕಡೆ ಅರ್ಕಾವತ್ತು ತಪ್ಪಿತ್ತು. ಮಾಸ್ತರರ ಹೆಸರಿನಲ್ಲಿಯೇ ಒಂದು ಅರ್ಕಾವತ್ತು ಉಂಟು. ಮುಖಪುಟದಲ್ಲಿ ಸರಿ ಇತ್ತು, ಹನ್ನೆರಡನೆಯ ಪುಟದಲ್ಲಿ ಪಕ್ಕದ ಅಕ್ಷರದ ಹೆಗಲೇರಿತ್ತು. ತೋರಿಸಿದೆ. ನಾಲಿಗೆ ಕಚ್ಚಿಕೊಂಡು ಮೂರನ್ನೂ ತಿದ್ದಿದ. ತಿದ್ದುವ ಮುಂಚೆ ಮಾತ್ರ ಒಂದೊಂದರದೂ ಫೋಟೊ ತೆಗೆದ.

“ಇದ್ಯಾಕೆ?” ಎಂದೆ.

“ಗದುಗಿನವ್ರಿಗೆ ಕಳಸ್ತೀನ್ರಿ. ಪರಿವರ್ತಕ ಎಲ್ಲೆಲ್ಲಿ ಎಡವತೈತಿ ಅಂತ ಅವ್ರೊಂದು ಪಟ್ಟಿ ಇಟ್ಟಾರ.”