ಮರಕ್ಕೆ ಹಾರಿದ ಬೇತಾಳ ಹಾರಿಯೇ ಹೋಯಿತು!

‘ಛಲ ಬಿಡದ ತ್ರಿವಿಕ್ರಮ’ ಅಂತ ಹಟಮಾರಿ ಮಕ್ಕಳನ್ನು ನಾವು ಬೈಯುವುದೂ ಉಂಟು, ಮೆಚ್ಚುವುದೂ ಉಂಟು. ಆದರೆ ಆ ತ್ರಿವಿಕ್ರಮ ಕಡೆಗೂ ಹೆಣವನ್ನು ಸ್ಮಶಾನಕ್ಕೆ ಮುಟ್ಟಿಸಿದನೆ? ಚಂದಮಾಮ ಓದಿ ಬೆಳೆದವರನ್ನು ಕೇಳಿ ನೋಡಿ. ಹೊಳೆನರಸೀಪುರದಲ್ಲಿ ನೆರೆಮನೆಯವರನ್ನು ಕೇಳಿದೆ, ಅರಕಲಗೂಡಿನ ಓರಗಿತ್ತಿಯನ್ನು ಕೇಳಿದೆ, ಚನ್ನರಾಯಪಟ್ಟಣದ ಅತ್ತಿಗೆಯನ್ನೂ ಕೇಳಿದೆ. ಎಲ್ಲರಿಗೂ ಹೆಗಲ ಮೇಲಿನ ಹೆಣ ನೆನಪಿದೆ, ಸಿಡಿದು ಹೋಳಾಗಲಿರುವ ತಲೆ ನೆನಪಿದೆ. ಕೊನೆ ಮಾತ್ರ ಒಬ್ಬರಿಗೂ ಗೊತ್ತಿಲ್ಲ.

ಮದರಾಸಿನಿಂದ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಚಂದಮಾಮ ಬೇಗನೆ ಕನ್ನಡಕ್ಕೂ ಬಂತು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೊಂಡರೆ ಮನೆ ಸೇರುವುದರೊಳಗೆ ಬೇತಾಳನ ಕಥೆ ಮುಗಿದಿರುತ್ತಿತ್ತು. ಮುಗಿಯುವುದು ಅಂದರೇನು, ರಾಜ ಬಾಯಿ ಬಿಡುತ್ತಿದ್ದ, ಬೇತಾಳ ಮರ ಹತ್ತುತ್ತಿತ್ತು, ಅಷ್ಟೆ. ನಡುವೆ ಓದಲು ಹಿಡಿದ ನಮ್ಮಂಥವರಿಗೆ ಈ ದೊರೆ ಯಾಕಾದರೂ ಹೆಣ ಹೊರುತ್ತಾನೆ ಎನ್ನುವುದೇ ತಿಳಿಯದು. ಮೂಲದಲ್ಲಿರುವ ಕಥೆ ಇಪ್ಪತ್ತೈದು. ಪತ್ರಿಕೆಯವರು ಹೊಸ ಹೊಸದನ್ನು ಸೇರಿಸುತ್ತಾ ದಶಕಗಟ್ಟಲೆ ಎಳೆದರು. ಎಳೆದದ್ದಕ್ಕೆ ನನ್ನ ತಕರಾರಿಲ್ಲ, ಕಥೆಗಳು ಚೆನ್ನಾಗಿಯೇ ಇದ್ದವು. 1998ರಲ್ಲಿ ಪತ್ರಿಕೆ ನಿಂತಿತು, ಮರುವರ್ಷ ಮತ್ತೆ ಬಂತು, 2007ರಲ್ಲಿ ಮುಂಬಯಿಯ ಕಂಪನಿಯೊಂದರ ಕೈಗೆ ಹೋಯಿತು, 2013ರ ಹೊತ್ತಿಗೆ ಪೂರ್ತಿ ಮುಚ್ಚಿತು. ನಮ್ಮ ಪಾಲಿಗೆ ಬೇತಾಳ ಮರದ ಮೇಲೇ ಉಳಿಯಿತು. ಇಷ್ಟು ವರ್ಷ ಕಾಯಿಸಿ ಹೀಗೆ ಮಾಡಬಹುದೆ?

ಕೊನೆ ಇಲ್ಲದೆ ಇರಲಿಲ್ಲ, ಸೋದರಿಯರೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಅದು ಇದೆ. ಸನ್ಯಾಸಿಯೊಬ್ಬ ದಿನಾ ರಾಜನಿಗೆ ಒಂದು ಹಣ್ಣು ತಂದುಕೊಡುತ್ತಾನೆ. ಒಂದು ದಿನ ಕೋತಿ ಕಚ್ಚಿದಾಗ ಹಣ್ಣಿನೊಳಗಿಂದ ರತ್ನ ಬೀಳುತ್ತದೆ! ಆ ಋಣಕ್ಕೆ ಕಟ್ಟುಬಿದ್ದು ರಾಜ ಹೆಣ ತರಲು ಒಪ್ಪಿದ್ದು.

ಕಡೆಯ ಕಥೆ ಕೇಳಿ. ತಂದೆ-ಮಗ ಇಬ್ಬರು ಕಾಡಿನಲ್ಲಿ ಎರಡು ಹೆಣ್ಣುಹೆಜ್ಜೆ ಕಾಣುತ್ತಾರೆ. ದೊಡ್ಡ ಹೆಜ್ಜೆಯವಳು ತಂದೆಗೆ, ಚಿಕ್ಕ ಹೆಜ್ಜೆಯವಳು ಮಗನಿಗೆ ಅಂತ ಮಾತಾಗುತ್ತದೆ. ನೋಡಿದರೆ ಅವರು ತಾಯಿ-ಮಗಳು. ಮಗಳ ಪಾದವೇ ದೊಡ್ಡದು. ಮಾತಿನಂತೆ ತಂದೆ ಮಗಳನ್ನೂ ಮಗ ತಾಯಿಯನ್ನೂ ಮದುವೆಯಾಗುತ್ತಾರೆ. ಇವರ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ಮದುವೆ ಮನೆಯಲ್ಲಿ ಕೂತು ಏಳು ತಲೆಮಾರಿನ ವರಸೆ ಬಿಡಿಸುವ ನಮ್ಮ ಅಜ್ಜಿಯರೂ ಇಲ್ಲಿ ತಡವರಿಸಬೇಕು. ರಾಜನಿಗೂ ತಿಳಿಯಲಿಲ್ಲ, ಸುಮ್ಮನೆ ನಡೆದ. ಮೌನ ಮುರಿಯದ್ದರಿಂದ ಬೇತಾಳ ಹಾರಲಿಲ್ಲ. ಮೆಚ್ಚಿ ಗುಟ್ಟು ಹೇಳಿತು: ಸನ್ಯಾಸಿ ನಿನ್ನನ್ನೇ ಬಲಿ ಕೊಡಲಿದ್ದಾನೆ, ಅಡ್ಡಬೀಳು ಎಂದಾಗ, ನಾನು ದೊರೆ, ಅಭ್ಯಾಸವಿಲ್ಲ, ನೀವೇ ತೋರಿಸಿ ಅನ್ನು. ಅವನು ತೋರಿಸಲು ಬಾಗಿದ, ರಾಜ ಕತ್ತಿ ಬೀಸಿದ. ವರ ಕೇಳು ಎಂದದ್ದಕ್ಕೆ ರಾಜ ಬೇಡಿದ್ದು, ಈ ಕಥೆಗಳು ಲೋಕದಲ್ಲಿ ಹೆಸರಾಗಲಿ ಅಂತ.

ಇಷ್ಟು ಸೊಗಸಾದ ಕೊನೆಯನ್ನು ಒಂದೇ ಒಂದು ಸಂಚಿಕೆಯಲ್ಲಿ ಕೊಟ್ಟು ಬಾಗಿಲು ಹಾಕಬಹುದಿತ್ತು. ಕತ್ತಿ ಹಿಡಿದು ಹೆಣ ಹೊತ್ತ ರಾಜನನ್ನು ವರ್ಷಗಟ್ಟಲೆ ಬರೆದ ಚಿತ್ರಕಾರ ಶಂಕರ್ ಆಗ ಇನ್ನೂ ಇದ್ದರು. ಅವರು ತೀರಿಕೊಂಡದ್ದು 2020ರಲ್ಲಿ. ಸನ್ಯಾಸಿ ನೆಲಕ್ಕೆ ಬಾಗಿ ತೋರಿಸುವ ಆ ಚಿತ್ರವೊಂದನ್ನು ಅವರ ಕೈಯಿಂದ ನೋಡಬೇಕಿತ್ತು.